ಎಡಗಿವಿಯ ಅಸಹಕಾರ

ಮದುವೆಯಾಗಿ ವರ್ಷಗಳು ಸಂದ ಗಂಡಸಿಗೆ ಕಿವಿ ಮಂದವಾಗಿದೆ ಎಂದು ಪತ್ತೆ ಹಚ್ಚುವುದು ಎಂಥ ಡಾಕ್ಟರಿಗೂ ಕಷ್ಟವೇ. ಯಾಕೆಂದರೆ ಲಕ್ಷಣಗಳೆಲ್ಲ ಮೊದಲಿನಿಂದಲೂ ಇದ್ದವೇ ಆಗಿರುತ್ತವೆ. ಕರೆದರೆ ಓಗೊಡುವುದಿಲ್ಲ. ಹೇಳಿದ್ದಕ್ಕೆಲ್ಲ 'ಹ್ಞೂಂ' ಅಂದು, ಸಂಜೆ 'ಯಾವಾಗ ಹೇಳಿದ್ದೆ?' ಅನ್ನುತ್ತಾನೆ. ಕೊತ್ತಂಬರಿ ಸೊಪ್ಪು ತನ್ನಿ ಅಂದರೆ ಕರಿಬೇವು ಹಿಡಿದು ಬರುತ್ತಾನೆ. ಇವನ್ನೆಲ್ಲ ರೋಗ ಅಂತ ಬರೆದುಕೊಂಡರೆ ಚಿತ್ರದುರ್ಗದ ಅರ್ಧಕ್ಕರ್ಧ ಗಂಡಸರಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಹೊಂದಿಸಬೇಕಾದೀತು. ಹಾಗಾಗಿ ನನ್ನ ಎಡಗಿವಿ ಕೆಲಸ ನಿಲ್ಲಿಸಿದ್ದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನನಗೂ ಆಗಲಿಲ್ಲ.

ಮೊದಲು ಕಂಡುಹಿಡಿದವರು ಎಡಗಡೆ ಬೆಂಚಿನ ಹುಡುಗರು. ನಾನು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಬೋರ್ಡಿನ ಕಡೆ ಮುಖ ಮಾಡಿ ನಿಂತಿದ್ದರೂ ಯಾವ ಬೆಂಚಿನಲ್ಲಿ ಯಾರು ಪಿಸುಗುಟ್ಟಿದರು ಎಂದು ಹೇಳಿ, ತಿರುಗದೆಯೇ ಸೀಮೆಸುಣ್ಣದ ಚೂರು ಎಸೆಯಬಲ್ಲ ಎಂದು ಹೆಸರು ಮಾಡಿದ್ದವನು. ಆ ವರ್ಷ ಬಲಗಡೆಯ ಹುಡುಗರು ಒಬ್ಬೊಬ್ಬರಾಗಿ ಎಡಕ್ಕೆ ವಲಸೆ ಹೋದರು. ಪಾಪ ಸೆಖೆ, ಕಿಟಕಿ ಗಾಳಿಗೆ ಹೋಗುತ್ತಿದ್ದಾರೆ ಅಂದುಕೊಂಡೆ. ಒಂದು ಸಲ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು, 'ಏನ್ ಮೇಷ್ಟ್ರೇ, ಸಂತೆ ನಡೀತಿದೆಯಲ್ಲ' ಅಂದರು. ಅದೂ ಎಡಗಡೆಯಿಂದಲೇ ಅಂದಿದ್ದರಿಂದ ನಾನು ನಕ್ಕು ಥ್ಯಾಂಕ್ಸ್ ಹೇಳಿದೆ.

ಇತ್ತ ನನ್ನ ದನಿ ಮಾತ್ರ ನನಗೇ ಗುಂಯ್ ಎಂದು ತುಂಬಿಕೊಂಡು ಕೇಳುತ್ತಿತ್ತು. ವಯಸ್ಸಿಗೆ ತಕ್ಕಂತೆ ಕಂಠ ಪಕ್ವವಾಗಿದೆ ಎಂದು ಬಚ್ಚಲಲ್ಲಿ ವಚನ ಹಾಡಲು ಶುರು ಮಾಡಿದೆ. ಕಿವಿ ಕಟ್ಟಿದವನಿಗೆ ಹೊರಗಿನ ಸದ್ದು ಕಡಿಮೆಯಾಗಿ ತನ್ನ ದನಿ ಜೋರಾಗಿ ಕೇಳುತ್ತದೆ, ಅದಕ್ಕೇ ಅವನು ಮೆಲ್ಲಗೆ ಮಾತಾಡುತ್ತಾನೆ ಎಂಬುದೆಲ್ಲ ಆಮೇಲೆ ತಿಳಿದ ಸಂಗತಿ. ಆಗ ಆದದ್ದಿಷ್ಟು: ನಾನು ಹೇಳಿದ್ದು ನನ್ನಾಕೆಗೆ ಕೇಳುತ್ತಿರಲಿಲ್ಲ, ಆಕೆ ಹೇಳಿದ್ದು ನನಗೆ ಕೇಳುತ್ತಿರಲಿಲ್ಲ. ಮನೆಯಲ್ಲಿ ಹಿಂದೆಂದೂ ಕಾಣದ ಶಾಂತಿ ನೆಲೆಸಿತ್ತು.

ರಾತ್ರಿ ಮಲಗಿದರೆ ಎಡಗಿವಿಯೊಳಗೆ 'ಹೂಂ...' ಎಂದು ಒಂದೇ ಶ್ರುತಿ. ಜೋಗಿಮಟ್ಟಿ ಕಡೆಯ ಗುಡ್ಡಗಳ ಗಾಳಿಯಂತ್ರದ ಸದ್ದು ಊರೊಳಕ್ಕೇ ಬರುತ್ತಿದೆ, ಯಾರಾದರೂ ಅರ್ಜಿ ಕೊಡಬೇಕು ಎಂದು ಬೀದಿಯವರ ಮುಂದೆ ಭಾಷಣ ಮಾಡಿದೆ. ಪಕ್ಕದ ಮನೆಯವರು ಸಂಕೋಚದಿಂದ, 'ಮೇಷ್ಟ್ರೇ, ಎರಡು ದಿನದಿಂದ ಎಲೆ ಅಲ್ಲಾಡೋಷ್ಟೂ ಗಾಳಿ ಇಲ್ಲ' ಅಂದರು. ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ನಾಟಕ ನೋಡಲು ಹೋದಾಗ, ಜನವೆಲ್ಲ ನಕ್ಕು ಸುಮ್ಮನಾದ ಮೇಲೆ ಪಕ್ಕದಲ್ಲಿದ್ದ ಭಾವಮೈದನನ್ನು ಕೇಳಿ ತಿಳಿದುಕೊಂಡು ನಾನೊಬ್ಬನೇ ನಗುತ್ತಿದ್ದೆ. ಅಷ್ಟರಲ್ಲಿ ವೇದಿಕೆಯ ಮೇಲೆ ಯಾರೋ ಸತ್ತಿರುತ್ತಿದ್ದರು.

ಕೊನೆಗೆ ನನ್ನಾಕೆಗೆ ಅನುಮಾನ ಬಂದದ್ದು ಬೇರೆ ದಾರಿಯಲ್ಲಿ. ಒಂದು ಸಂಜೆ ಅಡುಗೆಮನೆಯಿಂದ, 'ಮಂಡಕ್ಕಿ ಕಲಸಿದೀನಿ, ಮೆಣಸಿನಕಾಯಿ ಬಾಣಲೆಯಿಂದ ಈಗಷ್ಟೇ ತೆಗೆದೆ, ಬರ್ತೀರಾ?' ಎಂದು ಕೂಗಿದಳಂತೆ. ನಾನು ಪೇಪರು ಓದುತ್ತ ಕೂತೇ ಇದ್ದೆ. ಇನ್ನೊಂದು ಸಲ ಕೂಗಿದಳು. ಕೂತೇ ಇದ್ದೆ. ಬೇರೆ ಯಾವ ಮಾತು ಕೇಳಿಸದಿದ್ದರೂ ಅದಕ್ಕೊಂದು ಕಾರಣ ಕೊಡಬಹುದು, ಬಿಸಿ ಮೆಣಸಿನಕಾಯಿ ಕೇಳಿಸಲಿಲ್ಲ ಅಂದರೆ ಈ ಮನುಷ್ಯನಿಗೆ ನಿಜವಾಗಿಯೂ ಏನೋ ಆಗಿದೆ ಎಂದು ಆಕೆ ಗಾಬರಿಯಾದಳು.

ಅಲ್ಲಿಂದ ಚಿಕಿತ್ಸೆ ಶುರು. ನಮ್ಮ ನೆಂಟರಿಷ್ಟರು ಜಿಲ್ಲೆಯ ತುಂಬ ಹಂಚಿಹೋಗಿರುವುದರಿಂದ ಚಿಕಿತ್ಸೆಯೂ ತಾಲ್ಲೂಕುವಾರು ನಡೆಯಿತು.

ಹೊಸದುರ್ಗದ ಅತ್ತೆ ತೆಂಗಿನ ಸೀಮೆಯವರು. ಕೊಬ್ಬರಿ ಎಣ್ಣೆಯಿಂದ ಗುಣವಾಗದ್ದು ಜಗತ್ತಿನಲ್ಲಿ ಯಾವುದೂ ಇಲ್ಲವೆಂದು ನಂಬಿದವರು. ಬೆಳ್ಳುಳ್ಳಿ ಜಜ್ಜಿ ಎಣ್ಣೆಯಲ್ಲಿ ಕಾಯಿಸಿ, 'ಅಳಿಯಂದ್ರೇ, ಒಂಚೂರು ಚುರುಕ್ ಅನ್ಸುತ್ತೆ, ಅಷ್ಟೇ' ಎಂದು ಹುಯ್ದರು. ಆ ಚುರುಕ್ಕಿಗೆ ನಾನು ಕುಣಿದ ಕುಣಿತ ನೋಡಿ ಕೊಟ್ಟಿಗೆಯಲ್ಲಿದ್ದ ಎಮ್ಮೆ ಹಗ್ಗ ಜಗ್ಗಿತು. ಬೆಚ್ಚಗಿನ ಬರೀ ಎಣ್ಣೆಯ ಎರಡು ಹನಿ ಗುಗ್ಗೆಯನ್ನು ಮೆತ್ತಗೆ ಮಾಡುವುದು ನಿಜ. ಆದರೆ ಕಾದ ಎಣ್ಣೆ, ಹಸಿ ಬೆಳ್ಳುಳ್ಳಿಯ ರಸ ಕಿವಿಯೊಳಗಿನ ತೆಳ್ಳನೆಯ ಚರ್ಮವನ್ನು ಸುಡುತ್ತವೆ. ಕಿವಿಯ ತಮಟೆಯಲ್ಲಿ ತೂತಿದ್ದರಂತೂ ಸೀದಾ ನಡುಗಿವಿಯ ಹಾದಿ ಹಿಡಿಯುತ್ತವೆ. ಅತ್ತೆಗೆ ಇದನ್ನು ಹೇಳುವ ಧೈರ್ಯ ನನಗೆ ಈವರೆಗೂ ಬಂದಿಲ್ಲ. ಅಂಗಿಯ ಕಾಲರಿನ ಎಣ್ಣೆ ಕಲೆಯೂ ಹೋಗಿಲ್ಲ.

ಹೊಳಲ್ಕೆರೆಯ ದೊಡ್ಡಪ್ಪನದು ಶಸ್ತ್ರಚಿಕಿತ್ಸೆಯ ಪಂಥ. ಅವರ ಉಡಿದಾರಕ್ಕೆ ಬೀಗದ ಕೈಗಳ ಜೊತೆ ಒಂದು ಬೆಳ್ಳಿ ಗೊಂಚಲು ಜೋತಾಡುತ್ತಿರುತ್ತದೆ. ಕಾಲಿಗೆ ನೆಟ್ಟ ಮುಳ್ಳು ಕೀಳುವ ಚಿಮಟ, ಹಲ್ಲಿನ ಸಂದಿಗೆ ಒಂದು ಕಡ್ಡಿ, ಮೂರನೆಯದು ಗುಗ್ಗೆ ಕಡ್ಡಿ. ಅದರ ತುದಿಯಲ್ಲಿ ಸಾಸಿವೆ ಕಾಳು ಹಿಡಿಯುವಷ್ಟು ಪುಟ್ಟ ಸೌಟು. ಅಡಿಕೆ ತೋಟದ ಆಳುಗಳ ಕಿವಿಯನ್ನೆಲ್ಲ ಅದರಿಂದಲೇ ಕೆರೆದು ಕೊಟ್ಟಿದ್ದೇನೆ ಎಂಬುದು ಅವರ ಹೆಮ್ಮೆ. ಒಬ್ಬರ ಕಿವಿಗೂ ಇನ್ನೊಬ್ಬರ ಕಿವಿಗೂ ನಡುವೆ ಅದನ್ನು ಪಂಚೆಯ ಅಂಚಿಗೆ ಒರೆಸುತ್ತಿದ್ದರು ಎಂಬುದನ್ನೂ ಅಷ್ಟೇ ಹೆಮ್ಮೆಯಿಂದ ಹೇಳಿದರು.

'ಬಾ ಇಲ್ಲಿ, ಪಡಸಾಲೇಲಿ ಬಿಸಿಲು ಬೀಳೋ ಕಡೆ ಮಲಕ್ಕ. ಒಂದ್ ಗಳಿಗೆ ಕೆಲಸ.'

ಮಲಗಿದೆ. ಸೌಟು ಒಳಗೆ ಇಳಿದದ್ದೇ ತಡ ನನಗೆ ಕೆಮ್ಮು ಒತ್ತರಿಸಿ ಬಂತು. ಕೆರೆದದ್ದು ಕಿವಿ, ಕೆಮ್ಮಿದ್ದು ಗಂಟಲು. ಗಂಟಲಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ಎಂಬ ನರದ ಒಂದು ಕವಲು ಕಿವಿಯ ಹಾದಿಯಲ್ಲೂ ಹಾದುಹೋಗಿರುವುದರಿಂದ ಕೆಲವರಿಗೆ ಹೀಗಾಗುತ್ತದಂತೆ. ಗುಗ್ಗೆ ಗಟ್ಟಿಯಾದವರಿಗೂ ಸುಮ್ಮಸುಮ್ಮನೆ ಒಣಕೆಮ್ಮು ಬರಬಹುದು. ನಾನು ಹಿಂದಿನ ತಿಂಗಳೆಲ್ಲ ಮೆಣಸಿನ ಕಷಾಯ ಕುಡಿದದ್ದು ಕಿವಿಯ ಲೆಕ್ಕಕ್ಕೆ ಅಂತಾಯಿತು.

'ಕೆಮ್ಮಬ್ಯಾಡ ಕಣೋ, ಕೈ ಜಾರಿದ್ರೆ ಕಷ್ಟ' ಎಂದು ದೊಡ್ಡಪ್ಪ ಗದರಿದರು. ಕೆಮ್ಮು ನಿಲ್ಲಲಿಲ್ಲ. ಅವರು ಸೌಟು ಹೊರಗೆ ತೆಗೆದು ಬಿಸಿಲಿಗೆ ಹಿಡಿದು ನೋಡಿ, 'ಕಲ್ಲಾಗೈತೆ. ನನ್ನ ಕೈಲಿ ಆಗಾಕಿಲ್ಲ' ಎಂದು ಕೈ ಚೆಲ್ಲಿದರು. ದೊಡ್ಡಮ್ಮ ನನ್ನನ್ನು ನೇರ ಬಯಲು ಗಣಪತಿಯ ಮುಂದೆ ನಿಲ್ಲಿಸಿ, 'ಮೊರದಗಲ ಕಿವಿ ಇಟ್ಕಂಡಿದೀಯ ನಮ್ಮಪ್ಪ, ಈ ಹುಡುಗನ ಒಂದು ಕಿವಿ ನೋಡ್ಕ' ಎಂದು ಕೈಮುಗಿದರು. ಈ ಹುಡುಗನಿಗೆ ಐವತ್ತೆರಡು ವರ್ಷ.

ನನ್ನ ಸ್ವಂತ ಚಿಕಿತ್ಸೆ ಇವೆಲ್ಲಕ್ಕಿಂತ ಹಳೆಯದು. ಮೇಷ್ಟರ ಜೇಬಿನಲ್ಲಿ ಪೆನ್ನು ಇದ್ದೇ ಇರುತ್ತದೆ, ರೆನಾಲ್ಡ್ಸ್ ಪೆನ್ನಿನ ನೀಲಿ ಕ್ಯಾಪಿಗೆ ಒಂದು ಬಾಲ ಇದ್ದೇ ಇರುತ್ತದೆ. ಉತ್ತರ ಪತ್ರಿಕೆ ತಿದ್ದುವಾಗ ಬಲಗೈ ಅಂಕ ಹಾಕುತ್ತಿದ್ದರೆ ಎಡಗೈ ತನ್ನ ಪಾಡಿಗೆ ಕಿವಿ ಕೆರೆಯುತ್ತಿರುತ್ತದೆ. ಬೈಕಿನ ಕೀಲಿಕೈ, ಬೆಂಕಿಕಡ್ಡಿ, ನನ್ನಾಕೆಯ ಹೇರ್‌ಪಿನ್ನು, ಯಾವುದಕ್ಕೂ ನಾನು ಭೇದ ಮಾಡಿದವನಲ್ಲ. ಸ್ನಾನವಾದ ಮೇಲೆ ಇಯರ್ ಬಡ್ಸ್. 1923ರಲ್ಲಿ ಅಮೆರಿಕದ ಲಿಯೋ ಗರ್‌ಸ್ಟೆನ್‌ಜಾಂಗ್ ಎಂಬಾತ, ತನ್ನ ಹೆಂಡತಿ ಹಲ್ಲುಕಡ್ಡಿಯ ತುದಿಗೆ ಹತ್ತಿ ಸುತ್ತಿ ಮಗುವಿಗೆ ಬಳಸುವುದನ್ನು ಕಂಡು ಈ ಬಡ್ಸ್ ಮಾಡಿ ಮಾರಿದನಂತೆ. ಉಪಾಯ ಹೆಂಡತಿಯದು, ಹೆಸರು ಗಂಡನದು. ಈಗ ಡಬ್ಬಿಗಳ ಮೇಲೆ ಕಿವಿಯೊಳಗೆ ಹಾಕಬೇಡಿ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಅದನ್ನು ಓದಲು ಕನ್ನಡಕ ಹಾಕಬೇಕು, ಕನ್ನಡಕ ಹಾಕಿದರೆ ಬಡ್ಸ್ ಹಾಕಲು ಅಡ್ಡ.

ಇದರಲ್ಲಿ ನನಗೆ ನಾಚಿಕೆಯಾಗಬೇಕಾದದ್ದು ದುರ್ಗದವನಾಗಿ. ಕಿವಿಯ ಹಾದಿ ಎರಡೂವರೆ ಸೆಂಟಿಮೀಟರ್ ಉದ್ದದ ಒಂದು ಡೊಂಕು ಕಿಂಡಿ. ಗುಗ್ಗೆ ಹುಟ್ಟುವುದು ಅದರ ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ. ಅದು ಕೊಳೆಯಲ್ಲ, ಕಾವಲು. ಒಳಬರುವ ಧೂಳು, ಹುಳುಹುಪ್ಪಟೆ ಅದಕ್ಕೆ ಅಂಟಿಕೊಳ್ಳುತ್ತವೆ, ನೀರು ಚರ್ಮಕ್ಕೆ ಹತ್ತುವುದಿಲ್ಲ. ಒಳಗಿನ ಚರ್ಮ ತಮಟೆಯ ಕಡೆಯಿಂದ ಹೊರಗಡೆಗೆ ದಿನದಿನವೂ ಮೆಲ್ಲಗೆ ಸರಿಯುತ್ತ, ನಾವು ಅಗಿಯುವಾಗ ದವಡೆ ಆಡುತ್ತ, ಹಳೆಯ ಗುಗ್ಗೆ ತಾನಾಗಿ ಹೊರಬಂದು ಉದುರಿಹೋಗುತ್ತದೆ. ಕೋಟೆಯ ಕಿಂಡಿಯಲ್ಲಿ ಗಂಡ ಊಟಕ್ಕೆ ಹೋದ ಹೊತ್ತಿನಲ್ಲಿ ಓಬವ್ವ ಒನಕೆ ಹಿಡಿದು ನಿಂತು ಒಳನುಗ್ಗುವವರನ್ನು ಬಡಿದಳು. ನಾನು ದಿನಾ ಬೆಳಿಗ್ಗೆ ಹತ್ತಿ ಸುತ್ತಿದ ಒನಕೆ ಹಿಡಿದು ಹೊರಗಿನಿಂದ ಬಂದು, ಕಾವಲಿಗಿದ್ದ ಓಬವ್ವನನ್ನೇ ಕುಟ್ಟಿ ಕುಟ್ಟಿ ಕೋಟೆಯೊಳಕ್ಕೆ ತಳ್ಳುತ್ತಿದ್ದೆ. ಹೈದರಾಲಿಗೂ ಇಂಥ ಬುದ್ಧಿ ಹೊಳೆದಿರಲಿಲ್ಲ.

ಕೋಟೆ ಬಿದ್ದದ್ದು ಹಿರಿಯೂರಿನಲ್ಲಿ. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, 130 ಅಡಿ ತುಂಬಿ ಕೋಡಿ ಬಿತ್ತು. 1933ರಲ್ಲಿ ಬಿದ್ದದ್ದು, ಆಮೇಲೆ 89 ವರ್ಷ ಬಿದ್ದಿರಲಿಲ್ಲ. ಜಿಲ್ಲೆಗೆ ಜಿಲ್ಲೆಯೇ ಅತ್ತ ಹರಿಯಿತು. ಹಿರಿಯೂರಿನ ಅಕ್ಕನ ಮನೆಯಲ್ಲಿ ಹೋಳಿಗೆ ಊಟ ಮುಗಿಸಿ ನಾವೂ ಹೋದೆವು. ಕೋಡಿಯ ಭೋರ್ಗರೆತಕ್ಕೆ ಎಲ್ಲರೂ ಕಿವಿ ಮುಚ್ಚಿಕೊಂಡಿದ್ದರೆ ನಾನು ಮಾತ್ರ, 'ಇಷ್ಟೇನಾ ಸದ್ದು?' ಎಂದು ಕೇಳಿದೆ. ಕೆಳಗೆ ಹರಿಯುವ ನೀರಿನಲ್ಲಿ ಜನ ಮುಳುಗು ಹಾಕುತ್ತಿದ್ದರು. 89 ವರ್ಷಕ್ಕೊಮ್ಮೆ ಸಿಗುವ ಪುಣ್ಯ, ನಾನೂ ಹಾಕಿದೆ. ಮೇಲೆದ್ದಾಗ ಎಡಗಿವಿ ಡಬ್ಬೆಂದು ಪೂರ್ತಿ ಮುಚ್ಚಿಕೊಂಡಿತ್ತು. ಅದರ ಬೆನ್ನಿಗೇ ಕಣಿವೆ, ಗುಡ್ಡ, ಅಕ್ಕ, ಭಾವ ಎಲ್ಲರೂ ಗಿರಗಿರನೆ ತಿರುಗತೊಡಗಿದರು. ಭಾವ ನನ್ನ ರಟ್ಟೆ ಹಿಡಿದು ದಡಕ್ಕೆ ಎಳೆದು ಕೂರಿಸಿ, ಬಾಯಿಯ ಹತ್ತಿರ ಮೂಗು ತಂದು ಮೂಸಿ ನೋಡಿದರು.

ನನ್ನ ಮಾನ ಉಳಿಸಿದವಳು ನನ್ನಾಕೆಯ ಅಕ್ಕನ ಮಗಳು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಅಲ್ಲಿ ಓದುತ್ತಿದ್ದಾಳೆ. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, 'ಚಿಕ್ಕಪ್ಪ, ಬಲಗಿವಿಗೆ ತಣ್ಣೀರು ಹೋಯ್ತು, ಎಡಗಿವಿ ಕಟ್ಟಿತ್ತು, ಹೋಗಲಿಲ್ಲ. ಎರಡೂ ಕಿವಿ ಮೆದುಳಿಗೆ ಬೇರೆ ಬೇರೆ ವರದಿ ಕೊಟ್ಟವು. ಅದಕ್ಕೇ ತಲೆ ತಿರುಗಿದ್ದು' ಅಂದಳು. ವಿಯೆನ್ನಾದ ರಾಬರ್ಟ್ ಬಾರಾನಿ ಎಂಬ ಡಾಕ್ಟರು ರೋಗಿಗಳ ಕಿವಿಗೆ ನೀರು ಹೊಡೆಯುವಾಗ, ತಣ್ಣೀರಾದರೂ ಬಿಸಿನೀರಾದರೂ ಅವರಿಗೆ ತಲೆ ಸುತ್ತುವುದನ್ನು ಗಮನಿಸಿ, ಅದರ ಜಾಡು ಹಿಡಿದೇ 1914ರ ನೊಬೆಲ್ ಬಹುಮಾನದವರೆಗೆ ಹೋದನಂತೆ. ಬಹುಮಾನದ ಸುದ್ದಿ ಬಂದಾಗ ಆತ ಯುದ್ಧಕೈದಿಯಾಗಿ ರಷ್ಯನ್ನರ ಸೆರೆಯಲ್ಲಿದ್ದ. ನಾನು ಅದೇ ಪ್ರಯೋಗವನ್ನು ಮಾರಿಕಣಿವೆಯಲ್ಲಿ ಮಾಡಿ ಭಾವನ ಕೈಲಿ ಮೂಸಿಸಿಕೊಂಡೆ.

'ಈಗ ಬಾಯಿ ಮುಚ್ಚಿ ಮ್... ಅನ್ನಿ. ಸದ್ದು ಯಾವ ಕಿವಿಯಲ್ಲಿ ಜೋರಾಗಿದೆ?'

ಅಂದೆ. ಕೆಟ್ಟ ಕಿವಿಯಲ್ಲೇ ಜೋರು! ಕಿವಿ ವಾಪಸು ಬಂತೆಂದು ಹಿಗ್ಗಿದೆ. ಅದಲ್ಲವಂತೆ. ಹಾದಿ ಕಟ್ಟಿದ ಕಿವಿಗೆ ಒಳಗಿನ ಸದ್ದು ಹೆಚ್ಚು ಕೇಳುತ್ತದೆ, ಹಾಗಾಗಿ ಇದು ಬಹುಶಃ ಗುಗ್ಗೆಯ ಕೆಲಸ. ಅದರ ಬದಲು ಒಂದು ಕಿವಿ ಇದ್ದಕ್ಕಿದ್ದ ಹಾಗೆ ಹೋಗಿ, ಈ 'ಮ್' ಎಂಬುದು ಒಳ್ಳೆಯ ಕಿವಿಯ ಕಡೆಗೆ ಓಡಿದರೆ ನರಕ್ಕೆ ಪೆಟ್ಟು ಬಿದ್ದಿರಬಹುದು. ಆಗ ಎಣ್ಣೆ, ಹರಕೆ, ದೊಡ್ಡಪ್ಪ ಅಂತ ಕಾಲ ಕಳೆಯದೆ ಅವತ್ತೇ, ತಪ್ಪಿದರೆ ಮಾರನೆಯ ದಿನವೇ ಡಾಕ್ಟರ ಹತ್ತಿರ ಓಡಬೇಕು. ಮೊದಲ ಎರಡು ಮೂರು ದಿನದಲ್ಲಿ ಮದ್ದು ಬಿದ್ದರೆ ಕಿವಿ ಉಳಿಯುವ ಆಸೆ ಹೆಚ್ಚು. ಮನೆಯಲ್ಲಿ 'ಮ್' ಅಂದು ತಾನೇ ತೀರ್ಪು ಕೊಟ್ಟುಕೊಂಡು ಕೂರಬಾರದು, ಅನುಮಾನವಿದ್ದರೆ ಹೋಗಿ ತೋರಿಸಬೇಕು ಎಂದೂ ಸೇರಿಸಿದಳು. ಕೀವು ಸೋರುವುದು, ರಕ್ತ, ಕೆಟ್ಟ ವಾಸನೆ, ಜ್ವರದ ಜೊತೆ ನೋವು, ನಿಲ್ಲದ ತಲೆಸುತ್ತು, ಮುಖ ಒಂದು ಕಡೆ ಸೊಟ್ಟಗಾಗುವುದು, ಇವು ಗುಗ್ಗೆಯ ಲಕ್ಷಣವೇ ಅಲ್ಲ. ಹಿಂದೆ ತಮಟೆ ತೂತಾಗಿದ್ದವರು, ಕಿವಿಯ ಆಪರೇಷನ್ ಆದವರು ಒಂದು ಹನಿಯನ್ನೂ ತಾವಾಗಿ ಬಿಟ್ಟುಕೊಳ್ಳಬಾರದು.

'ನಿಮಗೆ ಸಕ್ಕರೆ ಕಾಯಿಲೆ ಬೇರೆ ಇದೆ ಚಿಕ್ಕಪ್ಪ. ಕೆರೆದು ಗಾಯವಾಗಿ ಸೋಂಕು ತಗುಲಿದರೆ ಮೂಳೆಗೇ ಇಳಿಯಬಹುದು. ಆ ಪೆನ್ನಿನ ಕ್ಯಾಪ್ ಮೊದಲು ಬಿಸಾಕಿ.'

ಪೆನ್ನಿನ ಕ್ಯಾಪಿನ ವಿಷಯ ಇವಳಿಗೆ ಯಾರು ಹೇಳಿದರು ಎಂದು ನನ್ನಾಕೆಯ ಕಡೆ ನೋಡಿದೆ. ಆಕೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಸರಿಹೋಗಬಲ್ಲ ಕಿವುಡಿಗೆ ನಮ್ಮ ದೇಶದಲ್ಲಿ ಅತಿ ಸಾಮಾನ್ಯ ಕಾರಣ ಗುಗ್ಗೆಯೇ, ಸಮೀಕ್ಷೆಯಲ್ಲಿ ಶೇಕಡ 15.9 ಬಂದಿತ್ತು ಎಂದು ಹುಡುಗಿ ಹೇಳಿದಾಗ, ಇಷ್ಟು ಜನ ಜೊತೆಗಿದ್ದಾರಲ್ಲ ಎಂದು ನನಗೆ ಧೈರ್ಯ ಬಂತು. ಗುಗ್ಗೆ ಒಣಗಿದ್ದೋ ಜಿಗುಟಿನದ್ದೋ ಎಂಬುದು ವಂಶದಿಂದ ಬರುವ ಗುಣ, 2006ರಲ್ಲಿ ಜಪಾನಿನವರು ಅದರ ಜೀನನ್ನೇ ಗುರುತಿಸಿದರು ಎಂದಾಗ ಮಾತ್ರ ನನ್ನಾಕೆ ಕ್ಯಾಲೆಂಡರ್ ಬಿಟ್ಟು ತಿರುಗಿ, 'ನಾನು ಮೊದಲಿಂದ ಹೇಳ್ತಾ ಇಲ್ವಾ, ಎಲ್ಲ ನಿಮ್ಮ ಕಡೆಯದೇ' ಅಂದಳು.

ದುರ್ಗದ ಇ.ಎನ್.ಟಿ. ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿ ಎಂದು ತಿಳಿದದ್ದು ಅವರ ಮುಂದಿನ ಕುರ್ಚಿಯಲ್ಲಿ ಕೂತ ಮೇಲೆ. ಬೀಜಗಣಿತದಲ್ಲಿ ಬ್ರಾಕೆಟ್ ಬಿಡಿಸುವಾಗ ಮೈನಸ್ ಚಿಹ್ನೆ ಮರೆಯುತ್ತಿದ್ದ ಹುಡುಗ. ಎದ್ದು ನಮಸ್ಕಾರ ಮಾಡಿ, ಹಣೆಗೆ ದೀಪ ಕಟ್ಟಿಕೊಂಡು, ನನ್ನ ಎಡಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆದರು.

'ಹೀಗೆ ಎಳೆದರೆ ಒಳಗಿನ ಡೊಂಕು ನೆಟ್ಟಗಾಗುತ್ತೆ ಸಾರ್. ನೀವೂ ನಮಗೆ ಹೀಗೇ ಎಳೀತಿದ್ರಿ. ಡೊಂಕು ನೆಟ್ಟಗಾಗಲಿ ಅಂತಲೇ.'

ನನ್ನಾಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

'ಬಡ್ಸ್ ಹಾಕ್ತೀರಾ ಸಾರ್?'

'ಛೇ, ಎಲ್ಲಿ!'

'ಹತ್ತಿ ಕಾಣ್ತಿದೆ.' ಇನ್ನೂ ಬಗ್ಗಿ ನೋಡಿದರು. 'ಅದರ ಪಕ್ಕದಲ್ಲಿ ಏನೋ ನೀಲಿ ಚೂರು.'

ಕಾಪಿ ಚೀಟಿ ಸಿಕ್ಕಿಬಿದ್ದ ಹುಡುಗರು ಚಾವಣಿ ಯಾಕೆ ನೋಡುತ್ತಾರೆ ಎಂಬುದು ಅಂದು ನನಗೆ ಅರ್ಥವಾಯಿತು.

ಹತ್ತಿಯನ್ನೂ ಕ್ಯಾಪಿನ ಬಾಲದ ತುಣುಕನ್ನೂ ಅಂದೇ ಚಿಮಟದಲ್ಲಿ ತೆಗೆದರು. ಗುಗ್ಗೆ ಗಟ್ಟಿಯಾಗಿದ್ದರಿಂದ ಹನಿ ಔಷಧಿ ಬರೆದು, ನಾಲ್ಕೈದು ದಿನ ಬಿಟ್ಟು ಬನ್ನಿ ಅಂದರು. ಅದು ನೆನೆದು ಉಬ್ಬುವುದರಿಂದ ಮೊದಲು ಇನ್ನಷ್ಟು ಕಿವಿ ಕಟ್ಟಬಹುದು, ಹೆದರಬೇಡಿ ಎಂದೂ ಹೇಳಿದರು. ಆ ಹನಿ ಬಿಡುವ ಕ್ರಮ ಹೀಗೆ: ಬಲ ಮಗ್ಗುಲಾಗಿ ಮಲಗಿ, ಎಡಗಿವಿ ಮೇಲೆ ಮಾಡಿ, ಹನಿ ಬಿಟ್ಟ ಮೇಲೆ ಐದು ನಿಮಿಷ ಅಲ್ಲಾಡಬಾರದು. ಅಂದರೆ ಒಳ್ಳೆಯ ಕಿವಿ ದಿಂಬಿನಲ್ಲಿ ಹೂತಿರುತ್ತದೆ, ಕೆಟ್ಟ ಕಿವಿಯಲ್ಲಿ ಔಷಧಿ ತುಂಬಿರುತ್ತದೆ. ಆ ಐದು ನಿಮಿಷವೂ ನನ್ನಾಕೆ ಮಂಚದ ಅಂಚಿನಲ್ಲಿ ಕೂತು ಮಾತಾಡುತ್ತಿದ್ದಳು. ಕೈ ಆಡುತ್ತಿತ್ತು, ಹುಬ್ಬು ಏರುತ್ತಿತ್ತು, ಒಮ್ಮೆ ನನ್ನಮ್ಮನ ಫೋಟೋ ಕಡೆಗೂ ಬೆರಳು ಹೋಯಿತು. ನನಗೆ ಒಂದಕ್ಷರ ಕೇಳಿಸಲಿಲ್ಲ. ಮುಗಿಸಿ ಏಳುವಾಗ ಆಕೆಯ ಮುಖ ಮಾತ್ರ ತುಂಬ ಹಗುರವಾಗಿತ್ತು.

ಮತ್ತೆ ಹೋದಾಗ, ಸಕ್ಕರೆ ಇರುವವರಿಗೆ ನೀರು ಹೊಡೆಯುವುದು ಬೇಡ ಎಂದು ಸಣ್ಣ ನಳಿಕೆಯಿಂದ ಎಳೆದು ತೆಗೆದರು. ನಳಿಕೆ ಒಳಗೆ ಹೋದಾಗ ಆದ ಸದ್ದಿಗೆ ಮಾರಿಕಣಿವೆಯ ಕೋಡಿ ಏನೇನೂ ಅಲ್ಲ. ಸ್ಟೀಲ್ ತಟ್ಟೆಗೆ ಟಣ್ ಎಂದು ಏನೋ ಬಿತ್ತು. ಆ ಟಣ್ ನನಗೆ ಎರಡೂ ಕಿವಿಯಲ್ಲಿ ಕೇಳಿಸಿತು! ಕಡುಕಂದು, ಒಂದು ತುದಿ ಚೂಪು, ಇನ್ನೊಂದು ತುದಿ ಬಡ್ಸಿನ ಅಳತೆಗೆ ಸರಿಯಾಗಿ ತಗ್ಗಿ ಹೋಗಿದೆ. ನನ್ನಾಕೆ ಕನ್ನಡಕ ಸರಿಮಾಡಿಕೊಂಡು ನೋಡಿ, ಅಳತೆ ಗೊತ್ತಾಗಲಿ ಎಂದು ಪಕ್ಕದಲ್ಲಿ ಒಂದು ರೂಪಾಯಿ ಇಟ್ಟು ಫೋಟೋ ತೆಗೆದಳು. ನಾವು ಮೆಟ್ಟಿಲು ಇಳಿಯುವಷ್ಟರಲ್ಲಿ ಅದು ಕುಟುಂಬದ ವಾಟ್ಸಪ್ ಗುಂಪಿಗೆ ಹೋಗಿತ್ತು. ಹೊಸದುರ್ಗದ ಅತ್ತೆ, ಎಣ್ಣೆ ಹಾಕಿದ್ದಕ್ಕೇ ಸಲೀಸಾಗಿ ಬಂತು ಎಂದು ಬರೆಸಿದರು. ಹೊಳಲ್ಕೆರೆಯಿಂದ ದೊಡ್ಡಪ್ಪನ ಧ್ವನಿ ಸಂದೇಶ: 'ಇಷ್ಟೇನಾ? ನಾನು ತೆಗೆದಿರೋದು ಇದರ ಎರಡರಷ್ಟು ಐತೆ.'

ಮರುದಿನ ತರಗತಿಯಲ್ಲಿ ಬೋರ್ಡಿಗೆ ಮುಖ ಮಾಡಿ ನಿಂತಿದ್ದಾಗ ಎಡಗಡೆಯಿಂದ, 'ಲೋ, ಮೇಷ್ಟ್ರ ಕಿವಿ ಸರಿ ಹೋಯ್ತಂತೆ ಕಣ್ರೋ' ಎಂಬ ಪಿಸುಮಾತು ಬಂತು. ಸೀಮೆಸುಣ್ಣ ಎಸೆದೆ. ಗುರಿ ತಪ್ಪಿತು. ಅಭ್ಯಾಸ ಬಿಟ್ಟುಹೋಗಿತ್ತು.

ದೊಡ್ಡಪ್ಪನ ಧ್ವನಿ ಸಂದೇಶವನ್ನು ನೆಟ್ಟಗಾದ ಕಿವಿಯಿಂದ ಇನ್ನೊಮ್ಮೆ ಕೇಳಿದಾಗಲೇ ನನಗೆ ಹೊಳೆದದ್ದು, ಅವರು ಕಿರುಚುತ್ತಿದ್ದಾರೆ ಎಂದು. ಟೀವಿ ಸದ್ದು ಬೀದಿಯ ತುದಿಗೆ ಕೇಳುವಂತೆ ಇಡುತ್ತಾರೆ, ಫೋನು ಹತ್ತು ಸಲ ಹೊಡೆದರೂ ಎತ್ತುವುದಿಲ್ಲ. ಉಪಾಯ ಮಾಡಿ ದುರ್ಗಕ್ಕೆ ಕರೆಸಿ ಅದೇ ಡಾಕ್ಟರ ಮುಂದೆ ಕೂರಿಸಿದೆವು. ಎರಡೂ ಕಿವಿಯಲ್ಲಿ ಗುಗ್ಗೆ ಇಲ್ಲ. ತಮಟೆ ಫಳಫಳ. 'ನೋಡಿದ್ರಾ, ನನ್ನ ಕಡ್ಡಿ!' ಎಂದು ದೊಡ್ಡಪ್ಪ ಉಡಿದಾರ ಮುಟ್ಟಿ ತೋರಿಸಿದರು. ಕಿವುಡೆಲ್ಲ ಗುಗ್ಗೆಯದಲ್ಲ, ಇದು ವಯಸ್ಸಿನದು, ನರ ಸವೆದಿದೆ, ಪರೀಕ್ಷೆ ಮಾಡಿಸಿ ಮಿಷನ್ ಹಾಕಿಸಿಕೊಳ್ಳುವುದೇ ದಾರಿ ಎಂದು ಡಾಕ್ಟರು ಹೇಳಿದರು. ದೊಡ್ಡಪ್ಪ ಒಪ್ಪಲಿಲ್ಲ. 'ನಂಗೆ ಸರಿಯಾಗೇ ಕೇಳುತ್ತೆ. ಈಗಿನ ಜನ ಬಾಯೊಳಗೇ ಗೊಣಗ್ತಾರೆ' ಎಂದು ವಾದಿಸಿದರು.

ಇಷ್ಟು ಹೊತ್ತು ಸುಮ್ಮನೆ ಕೂತಿದ್ದ ದೊಡ್ಡಮ್ಮ ಮೆಲ್ಲಗೆ ಕೇಳಿದರು. 'ಆ ಮಿಷನ್ ಹಾಕ್ಕಂಡ್ರೆ ನಾನು ಹೇಳೋದೆಲ್ಲ ಇವರಿಗೆ ಕೇಳಿಸ್ತದಾ ಡಾಕ್ಟ್ರೇ?'

'ಬಹಳಷ್ಟು ಕೇಳಿಸುತ್ತಮ್ಮ.'

'ಹಂಗಾದ್ರೆ ಹಾಕಿಬಿಡ್ರಪ್ಪ. ಇಷ್ಟು ವರ್ಷ ಹೇಳಿದ್ದನ್ನೆಲ್ಲ ಮೊದಲಿಂದ ಇನ್ನೊಂದ್ಸಲ ಹೇಳ್ಬೇಕು.'

ಡಾಕ್ಟರು ಎರಡೆರಡು ಸಲ ಕೂಗಿ ಹೇಳಿದ್ದೊಂದೂ ಕೇಳಿಸದ ದೊಡ್ಡಪ್ಪನಿಗೆ ಈ ಮಾತು ಮಾತ್ರ ಅಕ್ಷರ ಬಿಡದೆ ಕೇಳಿಸಿತು. ಕುರ್ಚಿಯಿಂದ ಎದ್ದು, ಹೊಳಲ್ಕೆರೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕಾಂಪೌಂಡರನನ್ನು ವಿಚಾರಿಸತೊಡಗಿದರು.